ಬಿದ್ದ ಬಾಕ್ಸರ್ ಎದ್ದ ಮೇಲೆ

2018ರ ಡಿಸೆಂಬರ್ 1, ಲಾಸ್ ಏಂಜಲೀಸ್. ಹೆವಿವೇಟ್ ಪಂದ್ಯದ ಹನ್ನೆರಡನೇ ಸುತ್ತಿನಲ್ಲಿ ಡಿಯೊಂಟೇ ವೈಲ್ಡರ್ ಅವರ ಬಲಗೈ, ಅದರ ಬೆನ್ನಿಗೇ ಎಡಗೈ ಗುದ್ದು ತಗುಲಿ ಟೈಸನ್ ಫ್ಯೂರಿ ಅಂಗಾತ ಬಿದ್ದರು. ಅಲುಗಾಡಲಿಲ್ಲ. ರೆಫರಿ ಜ್ಯಾಕ್ ರೀಸ್ ಆಗಲೇ ಕೈಬೀಸಿ ಪಂದ್ಯ ಮುಗಿಸಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹತ್ತರವರೆಗಿನ ಎಣಿಕೆ ಶುರುಮಾಡಿದರು. ಒಂಬತ್ತು ಎನ್ನುವಷ್ಟರಲ್ಲಿ ಫ್ಯೂರಿ ಎದ್ದು ನಿಂತಿದ್ದರು, ಸುತ್ತನ್ನೂ ಮುಗಿಸಿದರು. ಪಂದ್ಯ ಡ್ರಾ ಆಯಿತು.

ಇಂಥದ್ದನ್ನು ನೋಡಿದಾಗ ನಮ್ಮ ಬಾಯಿಂದ ಬರುವ ಮಾತು ‘ಗಂಡೆದೆ’. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಬಿದ್ದ ಮೈಸೂರಿನ ಯುವಕ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ ಆ ಮಾತು ಗಂಟಲಲ್ಲೇ ನಿಂತಿತು. ಈ ಆಟಗಳನ್ನೇ ನಿಷೇಧಿಸಿ ಎಂದವರಿದ್ದರು, ಹಣೆಬರಹ ಎಂದವರೂ ಇದ್ದರು. ಕೆಲವರು ಏಳುತ್ತಾರೆ, ಕೆಲವರು ಏಳುವುದೇ ಇಲ್ಲ. ಇದಕ್ಕೆ ಎದೆಗಾರಿಕೆಯೊಂದೇ ಕಾರಣವೇ?

ಮೊದಲು ದೇಹದ ವಿಚಾರ. ಗದ್ದದ ತುದಿಗೆ ಬಿದ್ದ ಗುದ್ದು ತಲೆಯನ್ನು ಗಕ್ಕನೆ ತಿರುಗಿಸುತ್ತದೆ. ಬುರುಡೆ ತಿರುಗಿದಷ್ಟು ಬೇಗ ಒಳಗಿನ ಮಿದುಳು ತಿರುಗುವುದಿಲ್ಲ. ಆ ಎಳೆತಕ್ಕೆ ಒಂದು ಕ್ಷಣ ಪ್ರಜ್ಞೆ ಮಂಕಾಗುತ್ತದೆ, ಕಾಲು ಹೇಳಿದ ಮಾತು ಕೇಳುವುದಿಲ್ಲ. ಎಳೆತ ಹೆಚ್ಚಾದರೆ ಮಿದುಳಿನ ಮೇಲ್ಭಾಗದ ಸಣ್ಣ ರಕ್ತನಾಳಗಳು ಹರಿದು ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನಿಂದ ನೋಡುವವರಿಗೆ ಮೊದಲ ಕೆಲವು ನಿಮಿಷ ಈ ಎರಡರ ನಡುವೆ ವ್ಯತ್ಯಾಸವೇ ಕಾಣದಿರಬಹುದು. ಈ ಲೇಖನದ ಉಳಿದೆಲ್ಲ ಸಂಗತಿಗೂ ಬೇರು ಇಲ್ಲೇ ಇದೆ.

ಮೊದಲನೆಯ ಬಗೆಯ ಪೆಟ್ಟಿಗೆ ಬಾಕ್ಸರ್‌ಗಳ ಬಳಿ ಪಟ್ಟುಗಳಿವೆ. ಬಿದ್ದೊಡನೆ ಧಡಕ್ಕನೆ ಎದ್ದು ತೂರಾಡುವುದು ಹೊಸಬರ ಲಕ್ಷಣ. ನುರಿತವನು ಒಂದು ಮಂಡಿ ಊರಿ, ಕೋಚ್ ಇರುವ ತನ್ನ ಮೂಲೆಯತ್ತ ನೋಡುತ್ತ, ಎಂಟರವರೆಗೂ ಉಸಿರು ತುಂಬಿಕೊಳ್ಳುತ್ತಾನೆ. ಎದ್ದ ಮೇಲೆ ಎದುರಾಳಿಯ ತೋಳುಗಳನ್ನು ತನ್ನ ತೋಳಿನಲ್ಲಿ ಸಿಕ್ಕಿಸಿ ಅಪ್ಪಿ ಹಿಡಿಯುತ್ತಾನೆ. ಕ್ಲಿಂಚ್ ಎನ್ನುವುದು ಇದಕ್ಕೇ. ರೆಫರಿ ಬಂದು ಬಿಡಿಸುವಷ್ಟರಲ್ಲಿ ಕೆಲವು ಸೆಕೆಂಡ್ ದಕ್ಕಿರುತ್ತದೆ. ನಡುವೆ ಒಂದಾದರೂ ಬಿರುಸಾದ ಗುದ್ದು ಕೊಡಬೇಕು, ಮುನ್ನುಗ್ಗುವವನು ಅಳುಕಬೇಕು. 1958ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ನಲವತ್ತು ದಾಟಿದ್ದ ಆರ್ಚಿ ಮೂರ್ ಮೊದಲ ಸುತ್ತಿನಲ್ಲೇ ಮೂರು ಸಲ, ಐದನೆಯದರಲ್ಲಿ ಮತ್ತೊಮ್ಮೆ ಬಿದ್ದರು. ಹನ್ನೊಂದನೇ ಸುತ್ತಿನಲ್ಲಿ ಇವಾನ್ ಡ್ಯುರೆಲ್ ಅವರನ್ನು ನಾಕ್‌ಔಟ್ ಮಾಡಿ ಲೈಟ್ ಹೆವಿವೇಟ್ ಪಟ್ಟ ಉಳಿಸಿಕೊಂಡರು.

ಆದರೆ ಆ ಎಂಟು ಸೆಕೆಂಡ್ ಮೂರ್‌ಗೆ ದಕ್ಕಿದ್ದು ಹಿಂದಿನವರು ಬರೆದಿಟ್ಟ ನಿಯಮಗಳಿಂದ. ಬಿದ್ದವನಿಗೆ ಹೊಡೆಯಕೂಡದು ಎಂದು ಇಂಗ್ಲೆಂಡಿನಲ್ಲಿ ಜ್ಯಾಕ್ ಬ್ರೌಟನ್ ಬರೆದದ್ದು 1743ರಲ್ಲಿ. ಮೂರು ನಿಮಿಷದ ಸುತ್ತು, ಒಂದು ನಿಮಿಷ ವಿಶ್ರಾಂತಿ, ಏಳಲು ಹತ್ತು ಸೆಕೆಂಡ್ ಎಂಬ ಕ್ವೀನ್ಸ್‌ಬೆರಿ ನಿಯಮಗಳು 1867ರವು. ಕೆಡವಿದವನು ದೂರದ ಮೂಲೆಗೆ ಹೋಗಿ ನಿಲ್ಲಬೇಕು ಎಂಬುದು ಎಲ್ಲರಿಗೂ ಮನದಟ್ಟಾದದ್ದು 1927ರಲ್ಲಿ, ಷಿಕಾಗೋದಲ್ಲಿ. ಜ್ಯಾಕ್ ಡೆಂಪ್ಸಿ ಮೂಲೆಗೆ ಹೋಗಲು ತಡಮಾಡಿದ್ದರಿಂದ ಎಣಿಕೆಯೂ ತಡವಾಯಿತು. ಬಿದ್ದಿದ್ದ ಜೀನ್ ಟನಿಗೆ ಹದಿನಾಲ್ಕು ಸೆಕೆಂಡಿನಷ್ಟು ಸಿಕ್ಕಿತು. ಅವರು ಎದ್ದರು, ಹಿಂದೆ ಹಿಂದೆ ಸರಿಯುತ್ತ ಸುತ್ತು ಮುಗಿಸಿದರು, ಪಂದ್ಯವನ್ನೂ ಗೆದ್ದರು.

ಸೆಕೆಂಡ್‌ಗಳನ್ನು ಮೂಲೆಯಲ್ಲಿರುವವರೂ ಗಳಿಸಿಕೊಡುತ್ತಾರೆ. 1963ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್ ಹೊಡೆತಕ್ಕೆ ಕ್ಯಾಷಿಯಸ್ ಕ್ಲೇ (ಮುಂದಿನ ಮುಹಮ್ಮದ್ ಅಲಿ) ನಾಲ್ಕನೇ ಸುತ್ತಿನ ಕೊನೆಗೆ ಬಿದ್ದಾಗ ಕೋಚ್ ಏಂಜೆಲೊ ಡಂಡಿ ಹರಿದ ಗ್ಲೌಸ್ ತೋರಿಸಿ ರೆಫರಿಯನ್ನು ಕರೆದರು. ಈ ಕಥೆಯನ್ನು ಎಲ್ಲರೂ ಜಾಣ್ಮೆಯೆಂದೇ ಹೇಳುತ್ತಾರೆ. ಇನ್ನೊಬ್ಬ ಕೋಚ್ ಎಡ್ಡಿ ಫುಚ್ ಮಾಡಿದ್ದು ಅದಕ್ಕಿಂತ ದೊಡ್ಡದು ಎಂದು ನನಗನಿಸುತ್ತದೆ. 1975ರಲ್ಲಿ ಮನಿಲಾದಲ್ಲಿ, ಅಲಿ ಎದುರು ಹದಿನಾಲ್ಕು ಸುತ್ತು ಮುಗಿಸಿ ಬಂದ ಜೋ ಫ್ರೇಜಿಯರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದು ಸುತ್ತು ಆಡುತ್ತೇನೆಂದು ಅವರು ಹಟ ಹಿಡಿದರೂ ಫುಚ್ ಏಳಗೊಡಲಿಲ್ಲ. ಫ್ರೇಜಿಯರ್ 2011ರವರೆಗೆ ಬದುಕಿದರು. ಸರಿಯಾಗಿದ್ದೀಯಾ ಎಂದು ಕೇಳಿದರೆ ಪೆಟ್ಟು ತಿಂದ ಯಾವ ಚಾಂಪಿಯನ್ ತಾನೇ ಇಲ್ಲ ಅನ್ನುತ್ತಾನೆ?

1962ರಲ್ಲಿ ಬೆನ್ನಿ ಪ್ಯಾರೆಟ್, 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ಪಂದ್ಯದಲ್ಲಿ ತಿಂದ ಪೆಟ್ಟಿನಿಂದ ಸತ್ತರು. ಎರಡೂ ಪಂದ್ಯಗಳನ್ನು ಅಮೆರಿಕ ಟಿವಿಯಲ್ಲಿ ಕಂಡಿತ್ತು. ಕಿಮ್ ಸಾವಿನ ನಂತರ ವಿಶ್ವ ಪ್ರಶಸ್ತಿ ಪಂದ್ಯಗಳು ಹದಿನೈದು ಸುತ್ತಿನಿಂದ ಹನ್ನೆರಡಕ್ಕೆ ಇಳಿದವು.

ಹನ್ನೆರಡಕ್ಕೆ ಇಳಿಸಿದ್ದಷ್ಟೇ ಸಾಲದು ಎಂದು ತೋರಿಸಿದ್ದು 1991ರ ಸೆಪ್ಟೆಂಬರ್ 21ರ ರಾತ್ರಿ. ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನದಲ್ಲಿ ಮೈಕಲ್ ವಾಟ್ಸನ್ ಮತ್ತು ಕ್ರಿಸ್ ಯೂಬ್ಯಾಂಕ್ ಎದುರಾದರು. ಹನ್ನೊಂದನೇ ಸುತ್ತಿನ ಕೊನೆಯ ಭಾಗದಲ್ಲಿ ವಾಟ್ಸನ್ ಗುದ್ದಿಗೆ ಯೂಬ್ಯಾಂಕ್ ಕುಸಿದರು. ಪಂದ್ಯ ವಾಟ್ಸನ್ ಕೈಯಲ್ಲಿತ್ತು. ಯೂಬ್ಯಾಂಕ್ ಎದ್ದರು, ಕೆಲವೇ ಸೆಕೆಂಡ್‌ಗಳಲ್ಲಿ ಅವರ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬೀಸುವ ಗುದ್ದು) ವಾಟ್ಸನ್ ಗದ್ದಕ್ಕೆ ತಗುಲಿತು. ಹಿಂದಕ್ಕೆ ಬಿದ್ದ ವಾಟ್ಸನ್ ಕತ್ತು ಹಗ್ಗಕ್ಕೆ ಬಡಿಯಿತು. ಅವರೂ ಎದ್ದರು! ಹನ್ನೆರಡನೇ ಸುತ್ತಿಗೂ ಬಂದರು. ಆ ಸುತ್ತಿನ ಆರಂಭದಲ್ಲೇ ರೆಫರಿ ಪಂದ್ಯ ನಿಲ್ಲಿಸಿದರು. ಬಳಿಕ ವಾಟ್ಸನ್ ಕುಸಿದರು. ಒಂದೇ ಸುತ್ತಿನಲ್ಲಿ ಇಬ್ಬರು ಬಿದ್ದಿದ್ದರು, ಇಬ್ಬರಿಗೂ ಎದೆಗಾರಿಕೆಯ ಕೊರತೆಯಿರಲಿಲ್ಲ. ಒಬ್ಬರ ತಲೆಯೊಳಗೆ ಮಾತ್ರ ರಕ್ತ ಹೆಪ್ಪುಗಟ್ಟುತ್ತಿತ್ತು.

ರಿಂಗ್ ತುಂಬ ಜನ, ಗಲಾಟೆ. ವೈದ್ಯರು ವಾಟ್ಸನ್ ಅವರನ್ನು ಪರೀಕ್ಷಿಸುವಷ್ಟರಲ್ಲಿ ಏಳು ನಿಮಿಷ ಕಳೆದಿತ್ತು. ಆಮ್ಲಜನಕ ಕೊಟ್ಟು ಉಸಿರಾಟ ಕಾಪಾಡುವ ಸಲಕರಣೆ ರಿಂಗ್ ಪಕ್ಕದಲ್ಲಿರಲಿಲ್ಲ. ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ವಿಭಾಗವಿರಲಿಲ್ಲ, ಇನ್ನೊಂದಕ್ಕೆ ಸಾಗಿಸಬೇಕಾಯಿತು. ನಲವತ್ತು ದಿನ ಕೋಮಾ, ಆರು ಶಸ್ತ್ರಚಿಕಿತ್ಸೆ. ಪ್ರಾಣ ಉಳಿಯಿತು, ದೇಹದ ಎಡಭಾಗ ಸ್ವಾಧೀನ ಕಳೆದುಕೊಂಡಿತು.

ವಾಟ್ಸನ್ ಕೋರ್ಟಿಗೆ ಹೋದರು. ಅವರು ಕೇಳಿದ್ದು ಗುದ್ದಿನ ಬಗ್ಗೆ ಅಲ್ಲವೇ ಅಲ್ಲ, ಗುದ್ದಿನ ನಂತರದ ನಿಮಿಷಗಳ ಬಗ್ಗೆ. ಸುರಕ್ಷತೆಯ ನಿಯಮ ರೂಪಿಸುವ ಸಂಸ್ಥೆಗೆ ಬಾಕ್ಸರ್‌ಗಳ ಬಗ್ಗೆ ಕಾನೂನಿನ ಹೊಣೆಯಿದೆ, ರಿಂಗ್ ಪಕ್ಕದಲ್ಲೇ ಚಿಕಿತ್ಸೆ ಸಿಕ್ಕಿದ್ದರೆ ಹಾನಿ ಇಷ್ಟಾಗುತ್ತಿರಲಿಲ್ಲ ಎಂದು 1999ರಲ್ಲಿ ತೀರ್ಪು ಬಂತು. 2000ದ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. 2003ರ ಲಂಡನ್ ಮ್ಯಾರಥಾನ್ ಅನ್ನು ವಾಟ್ಸನ್ ಆರು ದಿನ ನಡೆದು ಮುಗಿಸಿದರು. ಕೊನೆಯಲ್ಲಿ ಪಕ್ಕದಲ್ಲಿ ನಡೆದವರಲ್ಲಿ ಯೂಬ್ಯಾಂಕ್ ಕೂಡ ಒಬ್ಬರು.

ತೀರ್ಪು ಬರುವ ಮೊದಲೇ ಬ್ರಿಟನ್ನಿನಲ್ಲಿ ರಿಂಗ್ ಪಕ್ಕದ ವ್ಯವಸ್ಥೆ ಬದಲಾಗಿತ್ತು. 1998ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಯುರೋಪಿಯನ್ ಚಾಂಪಿಯನ್ ಸ್ಪೆನ್ಸರ್ ಆಲಿವರ್ ಹತ್ತನೇ ಸುತ್ತಿನಲ್ಲಿ ಬಿದ್ದರು. ತಲೆಯೊಳಗೆ ಅದೇ ಹೆಪ್ಪು. ಈ ಸಲ ಅರಿವಳಿಕೆ ವೈದ್ಯರು ಅಲ್ಲೇ ಇದ್ದರು. ರಿಂಗ್‌ನ ನೆಲದ ಮೇಲೆಯೇ ಚಿಕಿತ್ಸೆ ಶುರುವಾಯಿತು, ಆಮೇಲೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಅವರು ಮತ್ತೆಂದೂ ಸ್ಪರ್ಧೆಗೆ ಇಳಿಯಲಿಲ್ಲ. ಮುಂದೆ ಬಾಕ್ಸಿಂಗ್ ಪಂದ್ಯಗಳ ವೀಕ್ಷಕ ವಿವರಣೆಕಾರರಾಗಿ, ರಿಂಗ್ ಪಕ್ಕದಲ್ಲೇ ಕುಳಿತರು.