ಕಕ್ಕಡದ ಮಳೆಯಲ್ಲಿ ಕಾಗದದ ತೋರಣ

ತಂಗಿಯ ಮಗಳ ಹುಟ್ಟುಹಬ್ಬ ಬರುವುದು ಸರಿಯಾಗಿ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜೋರು ಮಳೆಯ ಕಾಲದಲ್ಲಿ. ಕೊಡಗಿನ ಆ ದಿನಗಳು ಗೊತ್ತಲ್ಲ, ಹೊರಗೆ ಹಾಕಿದ ಬಟ್ಟೆ ಒಣಗುವುದಿಲ್ಲ, ಡಬ್ಬಿಯೊಳಗಿನ ಉಪ್ಪು ನೀರಾಗುತ್ತದೆ. ಹೋದ ವರ್ಷ ಪ್ಲಾಸ್ಟಿಕ್ ಅಲಂಕಾರ ಬೇಡ ಎಂದು ಹಳೆಯ ಪೇಪರ್ ಕತ್ತರಿಸಿದೆವು. ಪಟ್ಟಿಗಳನ್ನು ಬಳೆಯಂತೆ ಅಂಟಿಸಿ, ಬಳೆಗೆ ಬಳೆ ಕೋದು ಉದ್ದನೆಯ ಸರ ಮಾಡಿ ಜಗಲಿಗೆ ಕಟ್ಟಿದೆವು. ರಾತ್ರಿ ಬಿಗಿಯಾಗಿದ್ದ ಸರ ಬೆಳಿಗ್ಗೆ ಜೋತುಬಿದ್ದಿತ್ತು. ಅದರ ಮೇಲೆ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. "ದೊಡ್ಡಮ್ಮ, ಸರಕ್ಕೆ ನಿದ್ದೆ ಬಂದಿದೆ" ಅಂದಳು ಮಗು.

ನಿದ್ದೆ ಅಲ್ಲ, ಬಾಯಾರಿಕೆ.

ಒಂದು ಕಾಗದ ಹರಿದು ಅಂಚನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ಕೂದಲಿನಂಥ ಎಳೆಗಳು ಕಾಣುತ್ತವೆ. ಅವು ಮರದ ನಾರು, ಅಂದರೆ ಬಹುಪಾಲು ಸೆಲ್ಯುಲೋಸ್. ಕಾರ್ಖಾನೆಯಲ್ಲಿ ಈ ನಾರನ್ನು ನೀರಿನಲ್ಲಿ ಕದಡಿ ಜಾಲರಿಯ ಮೇಲೆ ಸುರಿಯುತ್ತಾರೆ. ನೀರು ಇಳಿದು ಒಣಗಿದಂತೆ ನಾರುಗಳು ತಾವಾಗಿಯೇ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಇದಕ್ಕೆ ಅಂಟು ಬೇಕಾಗಿಲ್ಲ. ಹಿಡಿದಿಡುವುದು ಹೈಡ್ರೋಜನ್ ಬಂಧ ಎಂಬ ಸಣ್ಣ ಸೆಳೆತ. ಒಂದೊಂದೂ ದುರ್ಬಲ, ಲೆಕ್ಕವಿಲ್ಲದಷ್ಟು ಸೇರಿದಾಗ ಗಟ್ಟಿ. ತಮಾಷೆ ಎಂದರೆ ನೀರಿನ ಅಣುವೂ ಇದೇ ರೀತಿ ಕೈ ಚಾಚುತ್ತದೆ. ಅದು ನಡುವೆ ನುಗ್ಗಿದರೆ ನಾರು ಪಕ್ಕದ ನಾರಿನ ಕೈ ಬಿಟ್ಟು ನೀರಿನ ಕೈ ಹಿಡಿಯುತ್ತದೆ. ಒಣ ಕೋಣೆಯಲ್ಲೂ ಕಾಗದದ ತೂಕದಲ್ಲಿ ನೂರಕ್ಕೆ 5-6 ಪಾಲು ನೀರೇ ಇರುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಅದು ಎರಡರಷ್ಟನ್ನೂ ದಾಟುತ್ತದೆ. ಸರ ಜೋಲದೆ ಇನ್ನೇನು ಮಾಡೀತು?

ನಾರು ನೀರು ಕುಡಿದಾಗ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ದಪ್ಪವಾಗುತ್ತದೆ. ಯಂತ್ರದಲ್ಲಿ ಕಾಗದ ಓಡುವಾಗ ಹೆಚ್ಚಿನ ನಾರುಗಳು ಓಟದ ದಿಕ್ಕಿಗೇ ಮಲಗುತ್ತವೆ. ಹಾಗಾಗಿ ಕಾಗದಕ್ಕೂ ಮರದ ಹಲಗೆಯ ಹಾಗೆ ಒಂದು ದಿಕ್ಕಿದೆ. ದಿನಪತ್ರಿಕೆಯನ್ನು ಮೇಲಿಂದ ಕೆಳಗೆ ಹರಿಯಿರಿ, ನೇರವಾಗಿ ಹರಿಯುತ್ತದೆ. ಅಡ್ಡ ಹರಿಯಿರಿ, ಎತ್ತೆತ್ತಲೋ ಹೋಗುತ್ತದೆ. ನೇರ ಹರಿಯುವ ದಿಕ್ಕಿಗೆ ಕತ್ತರಿಸಿದ ಪಟ್ಟಿ ತೇವದಲ್ಲಿ ಕಡಿಮೆ ಹಿಗ್ಗುತ್ತದೆ. ನಾವು ಸುಮ್ನೆ ಕತ್ತರಿ ಹೋದ ಕಡೆ ಕತ್ತರಿಸಿದ್ದೆವು.

ಇನ್ನೊಂದು ಉಪಾಯ ನಮ್ಮ ತಲೆಯ ಮೇಲೇ ಇತ್ತು. ದನದ ಕೊಟ್ಟಿಗೆಯ ತಗಡು ಶೀಟ್ ಅಲೆಅಲೆಯಾಗಿ ಇರುವುದು ಯಾಕೆ? ಚಪ್ಪಟೆ ತಗಡು ತನ್ನ ಭಾರಕ್ಕೇ ಬಾಗುತ್ತದೆ, ಅಲೆ ಮಾಡಿದರೆ ನಿಲ್ಲುತ್ತದೆ. ಕಾಗದಕ್ಕೂ ಇದೇ ನಿಯಮ. ಮುಗಿದ ನೋಟ್‌ಬುಕ್ಕಿನ ಹಾಳೆಯನ್ನೋ ಹಳೆಯ ಕ್ಯಾಲೆಂಡರನ್ನೋ ಸೀರೆಯ ನೆರಿಗೆಯಂತೆ ಮಡಚಿ, ನಡುವೆ ದಾರ ಕಟ್ಟಿ ಬಿಡಿಸಿದರೆ ಬೀಸಣಿಗೆಯಂಥ ಹೂ. ತೇವ ಹೀರಿದರೂ ಅದು ಮುಖ ಕೆಳಗೆ ಹಾಕುವುದಿಲ್ಲ.

ಆದರೆ ನನ್ನ ಮೆಚ್ಚಿನದು ಅಜ್ಜಿಯ ಕಾಗದದ ಬುಟ್ಟಿ. ಹಳೆಯ ಪೇಪರನ್ನು ಚೂರು ಮಾಡಿ ಎರಡು ದಿನ ನೆನೆಸಿಡುತ್ತಿದ್ದರು. ನೆನೆದ ಮೆಂತ್ಯವನ್ನು ರುಬ್ಬಿ ಅದಕ್ಕೆ ಬೆರೆಸಿ, ಒರಳಿನಲ್ಲಿ ಕುಟ್ಟುತ್ತಿದ್ದರು. ಒದ್ದೆ ಬಟ್ಟೆ ಸುತ್ತಿ ಕವುಚಿಟ್ಟ ಮಡಕೆಯ ಮೇಲೆ ಆ ಮುದ್ದೆಯನ್ನು ತೆಳುವಾಗಿ ಬಳಿಯುತ್ತಿದ್ದರು. ಬಟ್ಟೆ ಯಾಕೆಂದರೆ ಒಣಗುವಾಗ ಕಾಗದ ಕುಗ್ಗುತ್ತದೆ. ಮಡಕೆಯನ್ನು ಅಪ್ಪಿಕೊಂಡರೆ ಬಿಡಿಸುವುದು ಕಷ್ಟ. ಕುಟ್ಟುವುದಕ್ಕೂ ಅರ್ಥವಿದೆ. ಏಟು ಬಿದ್ದ ನಾರಿನ ಮೈ ಬಿಡಿಸಿಕೊಂಡು ಎಳೆಎಳೆಯಾಗುತ್ತದೆ, ಪಕ್ಕದ್ದನ್ನು ಹಿಡಿಯಲು ಜಾಗ ಜಾಸ್ತಿಯಾಗುತ್ತದೆ. ಕಾಗದದ ಕಾರ್ಖಾನೆಗಳೂ ತಿರುಳನ್ನು ಹೀಗೇ ಅರೆಯುತ್ತವೆ. ಮೆಂತ್ಯದ ಲೋಳೆಯಲ್ಲಿರುವುದು ಗ್ಯಾಲಕ್ಟೋಮನ್ನಾನ್ ಎಂಬ ಉದ್ದನೆಯ ಸಕ್ಕರೆ ಸರಪಳಿ. ಅದು ಸೆಲ್ಯುಲೋಸಿಗೆ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಗೋರಿಕಾಯಿ ಬೀಜದ ಗೋಂದಿನಲ್ಲೂ ಇರುವುದು ಇದೇ ಜಾತಿಯ ವಸ್ತು, ಅದನ್ನು ಕಾಗದ ಗಟ್ಟಿ ಮಾಡಲು ಕಾರ್ಖಾನೆಗಳಲ್ಲಿ ಬಳಸುತ್ತಾರೆ. ಅಜ್ಜಿಯನ್ನು ಕೇಳಿದ್ದರೆ "ಮೆಂತ್ಯ ಹಾಕಿದ್ರೆ ಹುಳ ಬರಲ್ಲ" ಅನ್ನುತ್ತಿದ್ದರು, ಅಷ್ಟೇ.

ಈ ಬುಟ್ಟಿಯನ್ನು ಅವರು ಮಳೆಗಾಲದಲ್ಲಿ ಮಾಡುತ್ತಿರಲಿಲ್ಲ. ಜನವರಿಯಲ್ಲಿ, ಕಣದಲ್ಲಿ ಕಾಫಿ ಒಣಗುವಾಗ, ಅದರ ಮೂಲೆಯಲ್ಲೇ ಮಡಕೆಗಳೂ ಕವುಚಿರುತ್ತಿದ್ದವು. ಮಳೆಯಲ್ಲಿ ಮಾಡಲೇಬೇಕಾದರೆ ಒಲೆಯ ಮೇಲಿನ ಅಟ್ಟವೇ ಗತಿ.

ಯಾಕೆಂದರೆ ಬೂಸ್ಟು. ತೋರಣಕ್ಕೆ ಬಳಸುವ ಮೈದಾ ಅಂಟನ್ನೇ ನೋಡಿ. ಅದನ್ನು ಮಾಡುವಾಗ ಹಿಟ್ಟಿನ ಪಿಷ್ಟದ ಕಣಗಳು ಸುಮಾರು 60 ಡಿಗ್ರಿ ಬಿಸಿಯಲ್ಲಿ ಉಬ್ಬಿ ಒಡೆದು ಗಂಜಿಯಾಗುತ್ತವೆ. ಅಂಟಿಗೆ ಒಳ್ಳೆಯದು, ಬೂಸ್ಟಿಗೆ ಹಬ್ಬದೂಟ. ಪುಸ್ತಕ ಕಟ್ಟುವವರು ಇದಕ್ಕೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು. ನಾವು ಕಾಫಿ, ಮೆಣಸಿಗೆ ಶಿಲೀಂಧ್ರ ರೋಗ ಬಾರದಂತೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಇರುವುದೂ ಅದೇ ತಾಮ್ರ. ಕೊಡಗಿನ ಎಷ್ಟೋ ತೋಟದ ಮನೆಗಳ ಶೆಡ್‌ನಲ್ಲಿ ಮೈಲುತುತ್ತ ಸಿಗುತ್ತದೆ, ಆದರೆ ಮಕ್ಕಳು ಮುಟ್ಟುವ ಕೆಲಸಕ್ಕೆ ಅದು ಬೇಡವೇ ಬೇಡ, ವಿಷ. ಅಂಟನ್ನು ತೆಳ್ಳಗೆ ಹಚ್ಚಿ ಬೇಗ ಒಣಗಿಸಿದರೆ ಸಾಕು.

ಮಕ್ಕಳ ಕೈಗೆ ಕೊಡಬಾರದ ಕಾಗದವೂ ಇದೆ. ಅಂಗಡಿಯ ನುಣುಪು ಬಿಲ್ಲಿನಲ್ಲಿ ಮುದ್ರಣದ ಶಾಯಿ ಇರುವುದಿಲ್ಲ. ಬಿಸಿ ತಾಗಿದಾಗ ಕಪ್ಪಾಗುವ ಲೇಪ ಇರುತ್ತದೆ. ಹಲವು ಬಿಲ್‌ಗಳಲ್ಲಿ ಬಿಸ್ಫಿನಾಲ್ ಎಂಬ, ಮೈಗೆ ಒಳ್ಳೆಯದಲ್ಲದ ರಾಸಾಯನಿಕವೂ ಇರುತ್ತದೆ. ಕಾಗದದ ಲೋಟವೂ ತಿರುಳಾಗುವುದಿಲ್ಲ, ಒಳಗೆ ಪ್ಲಾಸ್ಟಿಕ್ ಪದರ ಅಂಟಿರುತ್ತದೆ.

ಬಣ್ಣ ಅಂಗಡಿಯಿಂದ ತರಬೇಕಾಗಿಲ್ಲ. ಆಗಸ್ಟ್ 3ಕ್ಕೆ, ಅಂದರೆ ಕಕ್ಕಡದ 18ನೇ ದಿನ, ಮದ್ದು ಸೊಪ್ಪು ಎಂಬ ಔಷಧಿ ಗಿಡದ ಎಲೆ ಕುದಿಸುತ್ತೇವಲ್ಲ, ಪಾಯಸಕ್ಕೆ ಬೇಕಾದಷ್ಟು ತೆಗೆದು ಉಳಿದ ನೇರಳೆ ನೀರಿನಲ್ಲಿ ಬಿಳಿ ಹಾಳೆ ಅದ್ದಿ ನೋಡಿ. ಕಾಫಿ ಡಿಕಾಕ್ಷನ್ ಕಂದು ಬಣ್ಣ ಕೊಡುತ್ತದೆ. ಇವು ಬಿಸಿಲಿಗೆ ಬೇಗ ಮಾಸುತ್ತವೆ. ಬಿಡಿ, ದಿನಪತ್ರಿಕೆಯಂತೂ ಬಣ್ಣ ಹಾಕದಿದ್ದರೂ ಹಳದಿಯಾಗುತ್ತದೆ. ಅದರ ಅಗ್ಗದ ತಿರುಳಿನಲ್ಲಿ ಮರದ ನಾರುಗಳನ್ನು ಬೆಸೆದಿಡುವ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ, ಬೆಳಕು ಗಾಳಿ ಸೇರಿ ಅದನ್ನು ಹಳದಿ ಮಾಡುತ್ತವೆ.

ಈ ವರ್ಷ ಬಳೆ ಸರ ಬಿಟ್ಟು ನೆರಿಗೆಯ ಹೂಗಳನ್ನು ಕಟ್ಟಿದೆವು. ಹನ್ನೆರಡು ಹೂ, ಎಲ್ಲವೂ ಅಟ್ಟದಲ್ಲಿ ಒಣಗಿ ಬಂದವು. ನಾಲ್ಕನೇ ದಿನ ಒಂದಕ್ಕೆ ಮಾತ್ರ ಬೂಸ್ಟು ಬಂತು. ಯಾರೋ ಮೈದಾ ಜಾಸ್ತಿ ಮೆತ್ತಿದ್ದರು. "ಅದು ದೊಡ್ಡಮ್ಮ ಮಾಡಿದ್ದು" ಎಂದು ಮಗು ಬಂದವರಿಗೆಲ್ಲ ತೋರಿಸಿದಳು.