ಪದ ಪರಿಚಯ: ರೈಲ್‌ರೋಡಿಂಗ್

ಹೋದ ವಾರವೂ ಅದೇ ಆಯಿತು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟಕ್ಕೆ ಮೊದಲ ಸಲ ಗೇಮ್ ಮಾಸ್ಟರ್ (ಕಥೆ ಕಟ್ಟಿ ಆಟ ನಡೆಸುವವರು) ಆಗಲು ಹೊರಟವರೊಬ್ಬರು ತಮ್ಮ ತಯಾರಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದರು. ಒಂದು ಹಳ್ಳಿ, ಕಾಣೆಯಾದ ವ್ಯಾಪಾರಿ, ಕಾಡಿನಲ್ಲೊಂದು ಗುಹೆ, ಗುಹೆ ತುಂಬ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರು. ಮೊದಲ ಸೆಷನ್ನಿಗೆ ಇಷ್ಟು ಸಾಕು, ಚೆನ್ನಾಗಿಯೂ ಇತ್ತು. ಕೆಳಗೆ ಬಂದ ಉತ್ತರಗಳು ಮಾತ್ರ ಒಂದೇ ರಾಗ: "ಒಂದೇ ದಾರಿ ಇದೆಯಲ್ಲ, ಇದು ರೈಲ್‌ರೋಡಿಂಗ್." ಪಾಪ, ಅವರು ಬರೆದದ್ದನ್ನೆಲ್ಲ ಬದಿಗಿಟ್ಟು "ಹಾಗಾದರೆ ಏನೂ ತಯಾರಿ ಇಲ್ಲದೆ ಬರ್ತೀನಿ" ಅಂದರು. ಈ ಪದವನ್ನು ಕಂಡಕಂಡಲ್ಲಿ ಎಸೆದರೆ ಹೊಸಬರಿಗೆ ಆಗುವ ನಷ್ಟ ಇದೇ. ಕಥೆಗೆ ಒಂದೇ ದಾರಿ ಇದ್ದರೆ ಅದು ನೇರ ಕಥೆ, ಅಷ್ಟೆ. ಪ್ಲೇಯರ್ ಏನು ಮಾಡಿದರೂ ಗೇಮ್ ಮಾಸ್ಟರ್ ತಮಗೆ ಬೇಕಾದದ್ದನ್ನೇ ಆಗಿಸುವುದು ರೈಲ್‌ರೋಡಿಂಗ್, ಅದು ನಡೆಯುವುದು ಆಟ ಶುರುವಾದ ಮೇಲೆ. ಯಾರದೋ ಟಿಪ್ಪಣಿ ಓದಿ ಅದನ್ನು ಹಿಡಿಯಲು ಆಗುವುದಿಲ್ಲ.

ಈ ಗೊಂದಲ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಪದ ಕಿವಿಗೆ ಬಿದ್ದ ತಕ್ಷಣ ಕಣ್ಣ ಮುಂದೆ ಹಳಿ ಬರುತ್ತದೆ. ಹಳಿ ಅಂದರೆ ನೇರ ದಾರಿ, ಆಚೀಚೆ ತಿರುಗಲು ಆಗದ ದಾರಿ, ಆದ್ದರಿಂದ ನೇರ ಕಥೆ ಎಲ್ಲ ರೈಲ್‌ರೋಡಿಂಗ್. ಹೀಗೆ ಲೆಕ್ಕ ಹಾಕಿಬಿಡುತ್ತಾರೆ. ನಾವು ದಿನಾ ಬಳಸುವುದು ಬ್ರಿಟಿಷರು ಬಿಟ್ಟುಹೋದ ರೈಲ್ವೆ ಅನ್ನುವ ಮಾತು. ರೈಲ್‌ರೋಡ್ ಅಮೆರಿಕದ್ದು. ಅಲ್ಲಿ ಅದು ಬರೀ ಹಳಿಯ ಹೆಸರಾಗಿ ಉಳಿಯಲಿಲ್ಲ, 19ನೇ ಶತಮಾನದಲ್ಲೇ ಕ್ರಿಯಾಪದವೂ ಆಯಿತು. ಶಾಸನಸಭೆಯಲ್ಲಿ ಚರ್ಚೆಗೆ ಬಿಡದೆ ಮಸೂದೆಯೊಂದನ್ನು ಅವಸರವಾಗಿ ನೂಕಿ ಪಾಸು ಮಾಡಿಸಿದರೆ ಅದನ್ನು ರೈಲ್‌ರೋಡ್ ಮಾಡಿದರು ಅನ್ನುತ್ತಿದ್ದರು. ಸರಿಯಾದ ವಿಚಾರಣೆ ಇಲ್ಲದೆ ಒಬ್ಬನನ್ನು ಜೈಲಿಗೆ ತಳ್ಳಿದರೆ ಅವನನ್ನು ರೈಲ್‌ರೋಡ್ ಮಾಡಿದರು ಅನ್ನುತ್ತಿದ್ದರು. ಇವತ್ತಿಗೂ ಅಮೆರಿಕದ ಪತ್ರಿಕೆಗಳಲ್ಲಿ ಈ ಎರಡೂ ಬಳಕೆ ಸಿಗುತ್ತವೆ.

ಆ ಎರಡನೇ ಅರ್ಥವನ್ನು ಸ್ವಲ್ಪ ಹೊತ್ತು ನೋಡಿ. ಕೋರ್ಟು ಇದೆ, ಜಡ್ಜ್ ಇದ್ದಾರೆ. ವಕೀಲರು ಎದ್ದು ನಿಂತು ಮಾತಾಡುತ್ತಾರೆ, ಸಾಕ್ಷಿ ಕರೆಯುತ್ತಾರೆ. ಹೊರಗಿನಿಂದ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ತೀರ್ಪು ಮೊದಲೇ ಬರೆದಾಗಿದೆ. ವಕೀಲರು ಏನು ಹೇಳಿದರೂ ಅದು ಬದಲಾಗುವುದಿಲ್ಲ. ರೋಲ್‌ಪ್ಲೇಯಿಂಗ್ ಆಟದವರು ಈ ಪದವನ್ನು ಎತ್ತಿಕೊಂಡಾಗ ಅದರ ಜೊತೆ ಬಂದದ್ದು ಈ ಅನ್ಯಾಯದ ವಾಸನೆ. ಪ್ಲೇಯರ್ ಯೋಚಿಸಿ ಮಾತಾಡುತ್ತಾನೆ, ಡೈಸ್ ಉರುಳುತ್ತದೆ, ಎಲ್ಲರೂ ಸಂಖ್ಯೆ ನೋಡುತ್ತಾರೆ, ಆಮೇಲೆ ಗೇಮ್ ಮಾಸ್ಟರ್ ನಿನ್ನೆ ರಾತ್ರಿಯೇ ಬರೆದಿಟ್ಟದ್ದನ್ನು ಓದುತ್ತಾರೆ. ಹಳಿ ನೇರ ಇತ್ತೋ ಸೊಟ್ಟ ಇತ್ತೋ, ಅದು ಇಲ್ಲಿ ಮುಖ್ಯವೇ ಅಲ್ಲ.

ಆದ್ದರಿಂದ ರೈಲ್‌ರೋಡಿಂಗ್ ಅನ್ನಲು ಮೂರು ಸಂಗತಿ ಒಟ್ಟಿಗೆ ಇರಬೇಕು. ಪ್ಲೇಯರ್ ಒಂದು ನಿಜವಾದ ಆಯ್ಕೆ ಮಾಡಿರಬೇಕು. ಆಟದ ಒಳಗಿನ ಲೆಕ್ಕದಲ್ಲಿ ಅದಕ್ಕೊಂದು ಫಲ ಸಿಗಬೇಕಿತ್ತು. ಗೇಮ್ ಮಾಸ್ಟರ್ ತಮಗೆ ಬೇಕಾದ ಫಲವನ್ನು ಉಳಿಸಿಕೊಳ್ಳಲು ಅದನ್ನು ಅಳಿಸಿರಬೇಕು. ಒಂದು ತಪ್ಪಿದರೂ ಅದಕ್ಕೆ ಬೇರೆ ಹೆಸರು ಹುಡುಕಿ.

ಬಹಳ ಜನ ಆಡಿರುವ ಒಂದು ಉದಾಹರಣೆ ತೆಗೆದುಕೊಳ್ಳೋಣ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅನ್ನುವ ರೋಲ್‌ಪ್ಲೇಯಿಂಗ್ ಆಟದ ಐದನೇ ಆವೃತ್ತಿಯ 2014ರ ಸ್ಟಾರ್ಟರ್ ಸೆಟ್ಟಿನಲ್ಲಿ ಬಂದ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಅನ್ನುವ ಸಿದ್ಧ ಕಥೆ. ಇದರ ಆರಂಭಕ್ಕಿಂತ ನೇರವಾದ ಆರಂಭ ಇರಲಿಕ್ಕಿಲ್ಲ. ಸರಕಿನ ಗಾಡಿ ಹೊಡೆದುಕೊಂಡು ಫ್ಯಾಂಡಲಿನ್ ಊರಿಗೆ ಹೋಗುತ್ತಿರುತ್ತೀರಿ, ದಾರಿಯಲ್ಲಿ ಎರಡು ಕುದುರೆ ಸತ್ತು ಬಿದ್ದಿವೆ, ಮೈತುಂಬ ಕಪ್ಪು ಗರಿಯ ಬಾಣಗಳು, ಪೊದೆಯಲ್ಲಿ ನಾಲ್ಕು ಗಾಬ್ಲಿನ್‌ಗಳು. ಬೇರೆ ಆರಂಭವೇ ಇಲ್ಲ. ಆದರೂ ಇದು ರೈಲ್‌ರೋಡಿಂಗ್ ಅಲ್ಲ. ಜಗಳದಲ್ಲಿ ಸೋತರೆ ಗಾಬ್ಲಿನ್‌ಗಳು ಎಲ್ಲರನ್ನೂ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಬಿಟ್ಟು, ಸಾಮಾನು ದೋಚಿಕೊಂಡು ಹೋಗುತ್ತವೆ ಅಂತ ಪುಸ್ತಕದಲ್ಲೇ ಇದೆ. ಅಂದರೆ ಸೋಲು ಸೋಲಾಗಿಯೇ ಉಳಿಯುತ್ತದೆ. ಗಾಬ್ಲಿನ್‌ಗಳ ಜಾಡು ಹಿಡಿಯದೆ ಸೀದಾ ಊರಿಗೆ ಹೋದರೂ ಆಟ ನಿಲ್ಲುವುದಿಲ್ಲ.

ಅದೇ ದೃಶ್ಯವನ್ನು ಒಬ್ಬ ಗೇಮ್ ಮಾಸ್ಟರ್ ಕೆಡಿಸುವುದು ಹೀಗೆ. "ಕುದುರೆ ಸತ್ತಿದೆ ಅಂದರೆ ಏನೋ ಇದೆ. ಗಾಡಿ ಇಲ್ಲೇ ನಿಲ್ಲಿಸಿ, ನಾನು ಮರಗಳ ಮರೆಯಲ್ಲಿ ಹಿಂದಿನಿಂದ ಸುತ್ತಿ ಬರ್ತೀನಿ" ಅಂತಾಳೆ ರೋಗ್ (ಕಳ್ಳಹೆಜ್ಜೆಯ ಚತುರ ಪಾತ್ರ) ಆಡುವವಳು. ಒಳ್ಳೆ ಯೋಚನೆ. ಸದ್ದಿಲ್ಲದೆ ನುಸುಳುವ ಸ್ಟೆಲ್ತ್‌ಗೆ ಡಿ20 (20 ಮುಖದ ಡೈಸ್) ಉರುಳಿಸುತ್ತಾಳೆ, 18 ಬೀಳುತ್ತದೆ, ಬೋನಸ್ ಸೇರಿ 24. ಇಡೀ ಮೇಜು ಖುಷಿಯಿಂದ ಕೂಗುತ್ತದೆ. ಗೇಮ್ ಮಾಸ್ಟರ್ ಎರಡು ಕ್ಷಣ ಸುಮ್ಮನಿದ್ದು, "ನೀನು ಒಣ ಕಡ್ಡಿ ತುಳಿದೆ, ಗಾಬ್ಲಿನ್‌ಗಳಿಗೆ ಗೊತ್ತಾಯಿತು, ಇನಿಷಿಯೇಟಿವ್ ಹಾಕಿ" ಅಂತಾರೆ, ಅಂದರೆ ಜಗಳದಲ್ಲಿ ಯಾರ ಸರದಿ ಮೊದಲು ಅಂತ ಡೈಸ್ ಹಾಕಿ ಅಂತ. ಇದು ರೈಲ್‌ರೋಡಿಂಗ್. ಮೇಜಿನ ಮೇಲೆ ಆ 24 ಇನ್ನೂ ಹಾಗೇ ಕೂತಿದೆ, ಆದರೆ ಅದಕ್ಕೆ ಬೆಲೆ ಇಲ್ಲ. ಇದು ಎರಡು ಸಲ ಆದರೆ ಮೂರನೇ ಸಲ ಆ ಹುಡುಗಿ ಯೋಚನೆ ಮಾಡುವುದೇ ಇಲ್ಲ, ಫೋನ್ ನೋಡುತ್ತಾ ಕೂರುತ್ತಾಳೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಪುಸ್ತಕದಲ್ಲೇ ಇಂಥ ಸೂಚನೆ ಬರೆದಿಟ್ಟ ಉದಾಹರಣೆಯೂ ಇದೆ. 1984ರಲ್ಲಿ ಶುರುವಾದ, ಇದೇ ಆಟದ ಡ್ರ್ಯಾಗನ್‌ಲ್ಯಾನ್ಸ್ ಮಾಡ್ಯೂಲ್‌ಗಳಲ್ಲಿ (ಸಿದ್ಧ ಕಥೆಯ ಪುಸ್ತಕಗಳಲ್ಲಿ), ಮುಂದಿನ ಕಂತಿಗೆ ಬೇಕಾದ ಖಳನಾಯಕ ಈಗಲೇ ಸತ್ತರೆ ಅವನ ಹೆಣ ಸಿಗದ ಹಾಗೆ ನೋಡಿಕೊಳ್ಳಿ ಅಂತ ಇತ್ತು. ಆಮೇಲೆ ಅವನು ವಾಪಸ್ ಬರಬಹುದಲ್ಲ! ಆ ಸರಣಿಯ ಜಗತ್ತು, ಡ್ರ್ಯಾಗನ್‌ಗಳು, ಕಥೆಯ ಹರವು ಎಲ್ಲ ನನಗೆ ಬಹಳ ಇಷ್ಟ. ಆ ಒಂದು ಸೂಚನೆ ಮಾತ್ರ ತಪ್ಪು. ಪ್ಲೇಯರ್‌ಗಳು ಗೆದ್ದದ್ದನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗೆ.

ಇನ್ನೊಂದು ಗೊಂದಲ ಸ್ಯಾಂಡ್‌ಬಾಕ್ಸ್‌ನದು. ನಕ್ಷೆ ಬಿಚ್ಚಿಟ್ಟು ಎಲ್ಲಿಗೆ ಬೇಕಾದರೂ ಹೋಗಿ ಅನ್ನುವ ಆಟ. ರೈಲ್‌ರೋಡಿಂಗ್‌ಗೆ ಅದೇ ಮದ್ದು ಅಂತ ಹೊಸಬರಿಗೆ ಹೇಳುತ್ತಾರೆ. ನೇರ ಕಥೆ, ಸ್ಯಾಂಡ್‌ಬಾಕ್ಸ್, ಇವೆರಡು ತಯಾರಿಯ ಆಕಾರಗಳು. ರೈಲ್‌ರೋಡಿಂಗ್ ಗೇಮ್ ಮಾಸ್ಟರ್‌ನ ನಡವಳಿಕೆ. ಎಲ್ಲಿ ಹೋದರೂ ಅದೇ ಘಟನೆ ಎದುರಾದರೆ ಸ್ಯಾಂಡ್‌ಬಾಕ್ಸಿನಲ್ಲೂ ಅದು ನಡೆಯಬಹುದು. ಎರಡು ದಾರಿ ಕೊಟ್ಟು, ಯಾವುದನ್ನು ಹಿಡಿದರೂ ಅಲ್ಲೇ ಒಂದು ಓಗರ್ (ದೈತ್ಯ ರಾಕ್ಷಸ) ನಿಲ್ಲಿಸುವುದಕ್ಕೆ ಕ್ವಾಂಟಮ್ ಓಗರ್ ಅಂತ ಹೆಸರೇ ಇದೆ. ಎರಡು ದಾರಿಗೂ ಏನೂ ವ್ಯತ್ಯಾಸ ಗೊತ್ತಿಲ್ಲದೆ ಸುಮ್ನೆ ಎಡಕ್ಕೆ ಹೋದರು, ಅಲ್ಲಿ ಓಗರ್ ಸಿಕ್ಕಿತು ಅಂದರೆ ಏನೂ ಅಳಿಸಿದಂತಾಗಲಿಲ್ಲ, ಯಾಕೆಂದರೆ ಅಲ್ಲಿ ಆಯ್ಕೆಯೇ ಇರಲಿಲ್ಲ. ಅದೇ ಪ್ಲೇಯರ್‌ಗಳು ಊರಿನ ಮುದುಕನಿಗೆ ಎರಡು ಚಿನ್ನದ ನಾಣ್ಯ ಕೊಟ್ಟು, ಬಲಗಡೆ ಓಗರ್ ಇದೆ ಅಂತ ತಿಳಿದುಕೊಂಡು, ಅದಕ್ಕೇ ಎಡದ ದಾರಿ ಹಿಡಿದ ಮೇಲೂ ನೀವು ಓಗರನ್ನು ಎತ್ತಿ ಎಡಕ್ಕೆ ಇಟ್ಟರೆ ಅದು ಶುದ್ಧ ರೈಲ್‌ರೋಡಿಂಗ್. ಓಗರ್ ಬೇಕೇ ಬೇಕು ಅಂತಿದ್ದರೆ ಒಂದೇ ದಾರಿ ಕೊಡಿ. ಸುಳ್ಳು ಆಯ್ಕೆಗಿಂತ ಅದು ಎಷ್ಟೋ ವಾಸಿ.

ಈ ಪದವನ್ನು ಪ್ಲೇಯರ್‌ಗಳೂ ಆಯುಧ ಮಾಡಿಕೊಂಡಿದ್ದಾರೆ. ತುಂಬಿದ ದರ್ಬಾರಿನಲ್ಲಿ ರಾಜನ ಮೇಲೆ ಕತ್ತಿ ಎತ್ತಿದೆ, ಕಾವಲುಗಾರರು ಹಿಡಿದು ಹಾಕಿದರು, ಇದು ರೈಲ್‌ರೋಡಿಂಗ್ ಅಂತಾರೆ. ಅಲ್ಲ ಮಾರಾಯ. ನೀನು ಆಯ್ಕೆ ಮಾಡಿದೆ, ಅದಕ್ಕೆ ಫಲ ಬಂತು. ಪದದ ಅರ್ಥಕ್ಕೆ ಪೂರಾ ಉಲ್ಟಾ ಇದು. ಕಾಲ್ ಆಫ್ ಕ್ತುಲು ಅನ್ನುವ ಭಯದ ಕಥೆಗಳ ಆಟ ಆಡೋಣ, 1920ರ ದಶಕ, ಎಲ್ಲರೂ ಪತ್ತೇದಾರರು ಅಂತ ಮೊದಲೇ ಕೂತು ಮಾತಾಡಿ ಒಪ್ಪಿಕೊಂಡು, ಆಟದ ದಿನ "ಆ ಹಳೇ ಮನೆಗೆ ನಾನು ಯಾಕೆ ಹೋಗಲಿ, ಹಡಗು ಹತ್ತಿ ಊರಿಗೆ ಹೋಗ್ತೀನಿ" ಅನ್ನುವುದು, ಗೇಮ್ ಮಾಸ್ಟರ್ ಒಪ್ಪಿದ ಮಾತನ್ನು ನೆನಪಿಸಿದರೆ ಮುಖ ಊದಿಸಿಕೊಳ್ಳುವುದು, ಇದೂ ಅಷ್ಟೇ ತಪ್ಪು. ಎಲ್ಲರೂ ಸೇರಿ ಹಾಕಿಕೊಂಡ ಬೇಲಿಗೆ ಆ ಹೆಸರು ಕೊಡಬೇಡಿ.

ಪ್ಲೇಯರ್‌ಗಳು ಯೋಜನೆ ಬಿಟ್ಟು ಬೇರೆ ಕಡೆ ಹೋಗುವುದು ಈ ಆಟದ ಹುಟ್ಟಿನಲ್ಲೇ ಇದೆ. 1969ರಲ್ಲಿ ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ಕಡೆ ಡೇವಿಡ್ ವೆಸ್ಲಿ ಅನ್ನುವವರು ಬ್ರೌನ್‌ಸ್ಟೈನ್ ಅನ್ನುವ ಯುದ್ಧದ ಆಟ ನಡೆಸಿದರು. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪಾತ್ರ. ಅವರು ತಂತಮ್ಮ ಇಷ್ಟದಂತೆ ಓಡಾಡಿ, ಒಬ್ಬರಿಗೊಬ್ಬರು ದ್ವಂದ್ವಯುದ್ಧಕ್ಕೆ ನಿಂತು, ವೆಸ್ಲಿ ಅಲ್ಲೇ ನಿಯಮ ಕಟ್ಟಬೇಕಾಯಿತು. ಆಟ ಕೆಟ್ಟಿತು ಅಂದುಕೊಂಡರು ಅವರು. ಆಡಿದವರು ಮಾತ್ರ ಇನ್ನೊಂದು ಸಲ ಆಡಿಸಿ ಅಂತ ಬೆನ್ನು ಬಿದ್ದರು. ಆ ಬಳಗದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ತಂದರು. ಆ ಮೊದಲ ಪುಸ್ತಕಗಳಲ್ಲಿ ಆಟ ನಡೆಸುವವರನ್ನು ಕರೆದದ್ದು ರೆಫರಿ ಅಂತ.

ಈಗ ಮೊದಲ ಸಲ ಕೂರುವವರಿಗೆ. ತಯಾರಿ ಧಾರಾಳವಾಗಿ ಮಾಡಿ. ಬರೆದ ಮೇಲೆ ವಾಕ್ಯಗಳ ಕರ್ತೃ ಯಾರು ಅಂತ ಒಮ್ಮೆ ನೋಡಿ. "ಗಾಬ್ಲಿನ್ ಮುಖ್ಯಸ್ಥ ಹುಣ್ಣಿಮೆಯೊಳಗೆ ವ್ಯಾಪಾರಿಯನ್ನು ಮಾರಬೇಕು ಅಂತಿದ್ದಾನೆ" ಅಂತ ಬರೆದಿದ್ದರೆ ಚಿಂತೆ ಇಲ್ಲ. "ಆಗ ಪ್ಲೇಯರ್‌ಗಳು ಮುಖ್ಯಸ್ಥನ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ" ಅಂತ ಇದ್ದರೆ ಆ ಸಾಲು ಹೊಡೆದುಹಾಕಿ, ಅದನ್ನು ಬರೆಯುವ ಹಕ್ಕು ನಿಮ್ಮದಲ್ಲ. ಗುಹೆ ಎಲ್ಲಿದೆ ಅಂತ ಗೊತ್ತಾಗಲೇಬೇಕು ಅಂದರೆ ಸುಳಿವನ್ನು ಒಂದೇ ಪರ್ಸೆಪ್ಷನ್ ಚೆಕ್ಕಿನ (ಕಣ್ಣಿಗೆ ಬಿತ್ತೋ ಇಲ್ಲವೋ ಅಂತ ಡೈಸ್ ಉರುಳಿಸುವುದರ) ಹಿಂದೆ ಬಚ್ಚಿಡಬೇಡಿ, ಮೂರು ಕಡೆ ಇಡಿ: ಕೆಸರಿನಲ್ಲಿ ಹೆಜ್ಜೆ, ಓಡಿಬಂದ ಕೆಲಸದವನು, ಸೆರೆಸಿಕ್ಕ ಗಾಬ್ಲಿನ್. ಒಂದೇ ಸುಳಿವು ಇಟ್ಟು, ಚೆಕ್ಕಿನಲ್ಲಿ ಪ್ಲೇಯರ್ ಸೋತು, ಬೇರೆ ದಾರಿ ಕಾಣದೆ ಪ್ಲೇಯರ್‌ಗಳನ್ನು ಎಳೆದುಕೊಂಡು ಹೋಗುವ ಹೊಸಬರೇ ಜಾಸ್ತಿ. ಡೈಸ್ ಉರುಳಿಸಿ ಅನ್ನುವ ಮೊದಲು, ಗೆದ್ದರೂ ಸೋತರೂ ಒಪ್ಪುತ್ತೀನಾ ಅಂತ ಕೇಳಿಕೊಳ್ಳಿ. ಒಪ್ಪದಿದ್ದರೆ ಉರುಳಿಸಲು ಹೇಳಬೇಡಿ. ನಿಮ್ಮ ಟಿಪ್ಪಣಿ, ಡೈಸ್ ಮರೆಮಾಡುವ ಸ್ಕ್ರೀನಿನ ಹಿಂದೆ ಸಂಖ್ಯೆ ಬದಲಾಯಿಸುವುದು, ಸಾಯಬೇಕಾದ ರಾಕ್ಷಸನಿಗೆ ಗುಟ್ಟಾಗಿ ಹಿಟ್ ಪಾಯಿಂಟ್ (ಜೀವದ ಲೆಕ್ಕ) ಸೇರಿಸುವುದು ಬೇಡ. ಕಥೆಗೆ ಒಳ್ಳೆಯದು ಅನ್ನುವ ಸಬೂಬೂ ಬೇಡ.

ಪ್ಲೇಯರ್‌ಗಳು ನೀವು ಬರೆಯದ ಕಡೆಗೇ ಹೊರಟರೆ ಬಾಯಿಬಿಟ್ಟು ಹೇಳಿ: "ಪೂರ್ವದ ಊರು ಇನ್ನೂ ತಯಾರಾಗಿಲ್ಲ, ಇವತ್ತು ಗುಹೆ ಕಡೆ ಹೋಗೋಣ್ವಾ? ಇಲ್ಲಾಂದ್ರೆ ಹತ್ತು ನಿಮಿಷ ಕೊಡಿ, ಟೀ ಕುಡಿದು ಬನ್ನಿ, ಏನಾದರೂ ಮಾಡ್ತೀನಿ." ಇದರಲ್ಲಿ ಮೋಸ ಇಲ್ಲ, ಬೇಡ ಅನ್ನುವ ಅವಕಾಶ ಅವರಿಗೆ ಇದ್ದೇ ಇದೆ. ಹೆಚ್ಚಿನವರು ಗುಹೆಗೇ ಹೋಗೋಣ ಅಂತಾರೆ.