ಪದ ಪರಿಚಯ: ದೇಶರಹಿತ

ಯಾವ ದೇಶದ ಕಾನೂನೂ ‘ಇವರು ನಮ್ಮ ಪ್ರಜೆ’ ಎಂದು ಒಪ್ಪದಿದ್ದರೆ ಆ ವ್ಯಕ್ತಿ ದೇಶರಹಿತ. 1954ರ ವಿಶ್ವಸಂಸ್ಥೆಯ ಒಪ್ಪಂದ ಹೇಳುವುದು ಇಷ್ಟೇ. ನಿರಾಶ್ರಿತರೆಲ್ಲ ದೇಶರಹಿತರಲ್ಲ. ಯುದ್ಧಕ್ಕೆ ಹೆದರಿ ಊರು ಬಿಟ್ಟವರ ಪೌರತ್ವ ಹಾಗೇ ಉಳಿದಿರಬಹುದು. ಪ್ಯಾಲೆಸ್ಟೀನಿಯರಲ್ಲಿ ಲಕ್ಷಾಂತರ ಜನರಿಗೆ ಊರೂ ಇಲ್ಲ, ಪೌರತ್ವವೂ ಇಲ್ಲ.

ಬ್ರಿಟಿಷರ ಕಾಲದಲ್ಲಿ, 1925ರ ಕಾನೂನಿನಂತೆ, ಅವರಿಗೆ ಪ್ಯಾಲೆಸ್ಟೀನ್ ಪೌರತ್ವ ಇತ್ತು. 1948ರಲ್ಲಿ ಇಸ್ರೇಲ್ ಹುಟ್ಟಿದಾಗ ನಡೆದ ಯುದ್ಧದಲ್ಲಿ 7 ಲಕ್ಷಕ್ಕೂ ಜಾಸ್ತಿ ಜನ ಮನೆ ಕಳೆದುಕೊಂಡರು. 1952ರ ಇಸ್ರೇಲ್ ಪೌರತ್ವ ಕಾನೂನು ಅವರನ್ನು ಹೊರಗಿಟ್ಟಿತು. ಜೋರ್ಡಾನ್ ಬಹಳ ಜನರಿಗೆ ಪೌರತ್ವ ಕೊಟ್ಟಿತು. ಆಗ ಗಾಜಾ ಆಳುತ್ತಿದ್ದ ಈಜಿಪ್ಟ್ ಅಲ್ಲಿನವರಿಗೆ ಕೊಟ್ಟಿದ್ದು ಬರೀ ಪ್ರಯಾಣ ಪತ್ರ. ಅದನ್ನು ಹಿಡಿದವರು ಈಜಿಪ್ಟ್‌ಗೆ ಹೋಗಬೇಕಾದರೂ ವೀಸಾ ಬೇಕು!

ಪ್ಯಾಲೆಸ್ಟೀನ್‌ಗೆ ಭಾರತ 1988ರಲ್ಲೇ ಮಾನ್ಯತೆ ಕೊಟ್ಟಿದೆ, ಅದರದ್ದೇ ಪಾಸ್‌ಪೋರ್ಟ್ ಇದೆ ಅಲ್ವಾ? ಇದೆ, 1995ರಿಂದ. ಆದರೆ ವೆಸ್ಟ್ ಬ್ಯಾಂಕ್, ಗಾಜಾದ ನಿವಾಸಿಗಳು ಯಾರು ಎಂಬ ಪಟ್ಟಿಯ ಹಿಡಿತ ಇಸ್ರೇಲ್ ಕೈಯಲ್ಲಿದೆ. ಲೆಬನಾನ್ ಕ್ಯಾಂಪಿನಲ್ಲಿ ಹುಟ್ಟಿದವರು ಸುಮ್ನೆ ಅಲ್ಲಿಗೆ ಹೋಗಿ ನೆಲೆಸಲು ಆಗುವುದಿಲ್ಲ.

ಹೊರದೇಶದಲ್ಲಿ ಆಶ್ರಯ ಕೇಳಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಪ್ಯಾಲೆಸ್ಟೀನ್ ನಿರಾಶ್ರಿತರಿಗೆಂದೇ ವಿಶ್ವಸಂಸ್ಥೆ 1949ರಲ್ಲಿ ಉನ್ರ್ವಾ ಎಂಬ ಸಂಸ್ಥೆ ಕಟ್ಟಿತು. ಅದರ ಕೆಲಸ ಜೋರ್ಡಾನ್, ಲೆಬನಾನ್, ಸಿರಿಯಾ, ವೆಸ್ಟ್ ಬ್ಯಾಂಕ್, ಗಾಜಾಗಳಲ್ಲಿ ಮಾತ್ರ. ಇಂಥ ಸಂಸ್ಥೆಯ ನೆರವು ಪಡೆಯುತ್ತಿರುವವರಿಗೆ 1951ರ ನಿರಾಶ್ರಿತರ ಒಪ್ಪಂದ ಅನ್ವಯಿಸುವುದಿಲ್ಲ. ಆ ನೆರವು ಯಾವುದೇ ಕಾರಣಕ್ಕೆ ನಿಂತರೆ ಒಪ್ಪಂದದ ರಕ್ಷಣೆ ತಾನಾಗಿ ಸಿಗಬೇಕು. ಇದೂ ಅದೇ ಒಪ್ಪಂದದ 1ಡಿ ವಿಧಿಯಲ್ಲೇ ಇದೆ. ಯಾರೂ ನಡುವೆ ಬಿದ್ದುಹೋಗದಿರಲಿ ಎಂದೇ ಬರೆದ ಮಾತು ಇದು. ಆದರೂ ‘ಅನ್ವಯಿಸುವುದಿಲ್ಲ’ ಎಂಬ ಮೊದಲ ಸಾಲನ್ನಷ್ಟೇ ತೋರಿಸಿ ಬಾಗಿಲು ಮುಚ್ಚಿದ ದೇಶಗಳಿವೆ. ಇದು ಅನ್ಯಾಯ. ಜೀವಕ್ಕೆ ಅಪಾಯವಾಗಿ, ಬೇರೆ ದಾರಿಯಿಲ್ಲದೆ ಹೊರಟವರ ಪಾಲಿಗೆ ನೆರವು ನಿಂತಂತೆಯೇ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಹೇಳಬೇಕಾಯಿತು.

ಅರ್ಜಿ ತಿರಸ್ಕಾರವಾದರೆ ಏನಾಗುತ್ತದೆ? ಬೇರೆಯವರನ್ನು ಅವರ ದೇಶಕ್ಕೆ ವಾಪಸ್ ಕಳಿಸುತ್ತಾರೆ. ಇವರನ್ನು ಎಲ್ಲಿಗೆ ಕಳಿಸುವುದು? ಕುವೈತ್‌ನಲ್ಲಿ ಹುಟ್ಟಿದ ಪ್ಯಾಲೆಸ್ಟೀನಿಯನ್ ಯುವಕನೊಬ್ಬ 2000ದ ಕೊನೆಯಲ್ಲಿ ದೋಣಿಯಲ್ಲಿ ಆಸ್ಟ್ರೇಲಿಯಾ ತಲುಪಿದ. ಆಶ್ರಯ ಸಿಗಲಿಲ್ಲ. ಕೊನೆಗೆ ‘ಕುವೈತ್‌ಗೋ ಗಾಜಾಕ್ಕೋ ಕಳಿಸಿಬಿಡಿ’ ಎಂದು ತಾನೇ ಕೇಳಿಕೊಂಡ. ಅವನನ್ನು ಕರೆಸಿಕೊಳ್ಳುವ ದೇಶ ಸಿಗಲಿಲ್ಲ. ಹಾಗಾದರೆ ಕೊನೆಯೇ ಇಲ್ಲದೆ ಬಂಧನದಲ್ಲಿ ಇಡಬಹುದೇ? ಇಡಬಹುದು ಎಂದು ಅಲ್ಲಿನ ಹೈಕೋರ್ಟ್ 2004ರಲ್ಲಿ 4-3ರ ತೀರ್ಪು ಕೊಟ್ಟಿತು. ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ. ಅವನು ಯಾವ ಅಪರಾಧಕ್ಕೂ ಶಿಕ್ಷೆ ಅನುಭವಿಸುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಆ ತೀರ್ಪು ರದ್ದಾಗಿದ್ದು 2023ರ ನವೆಂಬರ್‌ನಲ್ಲಿ, ದೇಶರಹಿತ ರೋಹಿಂಗ್ಯಾ ವ್ಯಕ್ತಿಯೊಬ್ಬರ ಪ್ರಕರಣದಲ್ಲಿ.

ಈ ಸ್ಥಿತಿ ಮಕ್ಕಳಿಗೂ ಬರುತ್ತದೆ. ತನ್ನ ನೆಲದಲ್ಲಿ ಹುಟ್ಟಿದ ಮಗುವಿಗೆ ಬೇರೆ ಪೌರತ್ವ ಇಲ್ಲದಿದ್ದರೆ ಆ ದೇಶವೇ ಕೊಡಬೇಕು ಎನ್ನುತ್ತದೆ 1961ರ ಒಪ್ಪಂದ. ಲೆಬನಾನ್ ಅದಕ್ಕೆ ಸೇರಿಲ್ಲ. ಅಲ್ಲಿ ತಾಯಿ ಲೆಬನಾನ್ ಪ್ರಜೆಯಾಗಿದ್ದು, ತಂದೆ ಪ್ಯಾಲೆಸ್ಟೀನ್ ನಿರಾಶ್ರಿತನಾದರೆ, ತಾಯಿಯ ಪೌರತ್ವ ಮಗುವಿಗೆ ಸಿಗುವುದಿಲ್ಲ.